ಎರಡು ಮೀಟರ್ ದಾರ, ಮೂರು ಮೈಕು: ಮನೆಯಲ್ಲಿ ಡ್ರಮ್ಸ್ ರೆಕಾರ್ಡಿಂಗ್

ಇಂಗ್ಲೆಂಡಿನ ರೆಕಾರ್ಡಿಂಗ್ ಎಂಜಿನಿಯರ್ ಗ್ಲಿನ್ ಜಾನ್ಸ್ ವಿಧಾನದಲ್ಲಿ ಡ್ರಮ್ಸ್ ರೆಕಾರ್ಡ್ ಮಾಡಲು ಮೊದಲು ಬೇಕಾದದ್ದು ಎರಡು ಮೀಟರ್ ದಾರ, ಎಳೆದರೆ ಹಿಗ್ಗದಂಥದ್ದು. ಮೈಕಿನ ಮಾತು ಆಮೇಲೆ. 1968ರಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಲೆಡ್ ಜೆಪ್ಪೆಲಿನ್ ರಾಕ್ ತಂಡದ ಮೊದಲ ಆಲ್ಬಮ್ಮಿಗೆ ಜಾನ್ಸ್ ಕೆಲವೇ ಮೈಕುಗಳಲ್ಲಿ ಜಾನ್ ಬೋನಮ್‌ನ ಡ್ರಮ್ಸ್ ಹಿಡಿದರು. ಅದನ್ನು ಕೇಳಿ ಮನಸೋತವರು ದುಬಾರಿ ಮೈಕಿನ ಬೆಲೆ ನೋಡಿ ಆಸೆ ಬಿಡುತ್ತಾರೆ. ಜಾನ್ಸ್ ಅವರಿಂದ ಕಲಿಯಬೇಕಾದದ್ದು ಮೈಕು ಇಡುವ ದೂರದ ಲೆಕ್ಕ. ಅದಕ್ಕೆ ಕಾಸು ಖರ್ಚಿಲ್ಲ.

ನಾನು ಇಡುವುದು ಹೀಗೆ: ಒಂದೇ ಮಾದರಿಯ ಎರಡು ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಕಂಡೆನ್ಸರ್ ಮೈಕು, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿಗೆ ಜೋರು ಸದ್ದು ತಾಳುವ ಒಂದು ಡೈನಾಮಿಕ್ ಮೈಕು. ಮೊದಲ ಕಂಡೆನ್ಸರ್ ಸ್ನೇರ್‌ನಿಂದ (ಬಾರಿಸುವವರ ಮುಂದಿರುವ, ಚುರುಕು ಸದ್ದಿನ ಡ್ರಮ್) ಸುಮಾರು 1 ಮೀಟರ್ ಎತ್ತರದಲ್ಲಿ, ನೇರ ಕೆಳಮುಖವಾಗಿ. ಎರಡನೆಯದು ಬಾರಿಸುವವರ ಬಲಕ್ಕೆ, ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್ಮಾದ ಫ್ಲೋರ್ ಟಾಮ್ ದಾಟಿ, ಅದರ ಅಂಚಿಗಿಂತ ಒಂದು ಗೇಣು ಮೇಲೆ, ಸ್ನೇರ್ ಮೇಲಿಂದ ಹೈಹ್ಯಾಟ್ (ಜೋಡಿ ಸಿಂಬಲ್) ಕಡೆ ನೋಡುವಂತೆ. ದಾರದ ಒಂದು ತುದಿಯನ್ನು ಸ್ನೇರ್‌ನ ನಟ್ಟನಡುವೆ ಟೇಪಿನಿಂದ ಅಂಟಿಸಿ, ಮೊದಲ ಮೈಕಿನ ಕ್ಯಾಪ್ಸೂಲ್ (ಸದ್ದು ಹಿಡಿಯುವ ಭಾಗ) ತನಕ ಬಿಗಿಯಾಗಿ ಎಳೆದು ಅಲ್ಲಿ ಗಂಟು ಹಾಕಿ. ಅದೇ ಗಂಟು ಎರಡನೇ ಮೈಕಿನ ಕ್ಯಾಪ್ಸೂಲಿಗೂ ಸರಿಯಾಗಿ ಮುಟ್ಟಬೇಕು.

5 ಸೆಂ.ಮೀ. ವ್ಯತ್ಯಾಸವಾದರೆ ಏನಾದೀತು ಅನ್ನಿಸಬಹುದು. ಸದ್ದು ಅಷ್ಟು ದೂರ ಸಾಗಲು 0.15 ಮಿಲಿಸೆಕೆಂಡ್ ಸಾಕು; ಆದರೆ ಎರಡು ಮೈಕು ಕೂಡಿಸಿದಾಗ 3.4 ಕಿಲೋಹರ್ಟ್ಸ್ ಸುತ್ತಮುತ್ತ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ. ಸ್ನೇರ್‌ನ ಚುರುಕೆಲ್ಲ ಇರುವುದು ಅಲ್ಲೇ. 17 ಸೆಂ.ಮೀ. ತಪ್ಪಿದರೆ ಪೆಟ್ಟು 1 ಕಿಲೋಹರ್ಟ್ಸ್‌ಗೆ ಇಳಿದು, ಸ್ನೇರ್ ರಟ್ಟಿನ ಡಬ್ಬ ಬಡಿದಂತೆ ಕೇಳುತ್ತದೆ. ದಾರ ತೆಗೆದ ಮೇಲೆ ಸ್ನೇರ್‌ಗೆ ಒಂದೇ ಒಂದು ಏಟು ಹೊಡೆದು ರೆಕಾರ್ಡ್ ಮಾಡಿ, ಎರಡು ಟ್ರ್ಯಾಕಿನ ಅಲೆಯನ್ನೂ ಕಂಪ್ಯೂಟರ್ ತೆರೆಯ ಮೇಲೆ ಹಿಗ್ಗಿಸಿ ನೋಡಿ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ (ಸದ್ದಿನ ಅಳತೆ) ತೆಗೆಯುವಾಗ, 7 ಸ್ಯಾಂಪಲ್ ಅಂತರ ಕಂಡರೆ 5 ಸೆಂ.ಮೀ. ತಪ್ಪಿದೆ ಎಂದರ್ಥ. ಟ್ರ್ಯಾಕ್ ಜರುಗಿಸಿಯೂ ಸರಿಪಡಿಸಬಹುದು, ಆದರೆ ಪ್ರತಿ ಟೇಕಿಗೂ (ಒಂದು ಬಾರಿಯ ರೆಕಾರ್ಡಿಂಗ್) ಅದೇ ಕೆಲಸ. ಸ್ಟ್ಯಾಂಡ್ ಜರುಗಿಸುವುದು ಅರ್ಧ ನಿಮಿಷದ ಮಾತು.

ಗೇನ್ (ಮೈಕಿನ ಸದ್ದನ್ನು ಹೆಚ್ಚಿಸುವ ಮಟ್ಟ) ಹೊಂದಿಸುವಾಗ ಎರಡೂ ಮೈಕಿನಲ್ಲಿ ಸ್ನೇರ್ ಒಂದೇ ಮಟ್ಟದಲ್ಲಿರಲಿ, ಜೋರು ಏಟು ಮೈನಸ್ 12 ಡೆಸಿಬಲ್ ದಾಟದಿರಲಿ. ಮೇಲಿನ ಮೈಕು ಅರ್ಧ ಬಲಕ್ಕೆ, ಪಕ್ಕದ್ದು ಪೂರ್ತಿ ಎಡಕ್ಕೆ ಪ್ಯಾನ್ ಮಾಡಿ, ಅಂದರೆ ಸ್ಟೀರಿಯೋದಲ್ಲಿ ಆ ಕಡೆಯಿಂದ ಕೇಳುವಂತೆ ಇಡಿ.

ನಮ್ಮ ಮನೆಗಳಲ್ಲಿ ಈ ವಿಧಾನ ಕೆಡುವುದು ಹೆಚ್ಚಾಗಿ ತಾರಸಿಯಿಂದ. ಒಲಿಂಪಿಕ್‌ನಂಥ ದೊಡ್ಡ ಹಾಲಿನಲ್ಲಿ ಮೈಕಿನ ಮೇಲೆ ಬೇಕಾದಷ್ಟು ಬಯಲಿತ್ತು. 10 ಅಡಿಯ ಆರ್‌ಸಿಸಿ ಕೋಣೆಯಲ್ಲಿ ಮೈಕಿನ ಮೇಲೆ ಉಳಿಯುವುದು ಬರೀ 1.4 ಮೀಟರ್, ತಾರಸಿಗೆ ಬಡಿದ ಸದ್ದು 8 ಮಿಲಿಸೆಕೆಂಡಿನಲ್ಲಿ ಹಿಂತಿರುಗಿ ಮೂಲಕ್ಕೆ ಬೆರೆಯುತ್ತದೆ. ಒಂದಿಂಚಿನ ಫೋಮ್ ಹಚ್ಚಿದರೆ ಸಿಂಬಲ್‌ನ ಹೊಳಪಷ್ಟೇ ಹೋಗುತ್ತದೆ, ಮಧ್ಯದ ಗುಂಯ್‌ಗುಡುವಿಕೆ ಹಾಗೇ ಉಳಿಯುತ್ತದೆ. 4 ಇಂಚು ದಪ್ಪ, 2 ಅಡಿ ಅಗಲ, 4 ಅಡಿ ಉದ್ದದ ರಾಕ್‌ವೂಲ್ (ಸದ್ದು ಹೀರುವ ಕಲ್ಲುನಾರು) ಹಲಗೆ ಎರಡನ್ನು ಬಟ್ಟೆಯಲ್ಲಿ ಪೂರ್ತಿ ಸುತ್ತಿ, ತಾರಸಿಗೂ ಹಲಗೆಗೂ ನಡುವೆ 4 ಇಂಚು ಬಿಟ್ಟು ತೂಗುಹಾಕಿ. ಘನ ಮೀಟರಿಗೆ 48 ಕೆಜಿ ಸಾಂದ್ರತೆಯದ್ದಾದರೆ ಒಂದೊಂದೂ ಮೂರೂವರೆ ಕೆಜಿ, ಜೊತೆಗೆ ಚೌಕಟ್ಟಿನ ತೂಕ. ನಾಲ್ಕು ಮೂಲೆಗೂ ಕೊಕ್ಕೆ ಹಾಕಿ. ಕೆಳಗೆ ದಪ್ಪ ಜಮಖಾನ. ತಾರಸಿ 9 ಅಡಿಯಷ್ಟೇ ಇದ್ದರೆ ಮೈಕನ್ನು 80 ಸೆಂ.ಮೀ.ಗೆ ಇಳಿಸಿ, ದಾರಕ್ಕೆ ಹೊಸ ಗಂಟು ಹಾಕಿ.

ಇನ್ನೊಂದು ಮಾತು. ಮೂರೇ ಮೈಕಿರುವಾಗ ಸಿಂಬಲ್ ಒಂದನ್ನೇ ತಗ್ಗಿಸಲು ಬರುವುದಿಲ್ಲ. ಬೋನಮ್ ತನ್ನ ಕೈಯಲ್ಲೇ ಡ್ರಮ್ಮು ಸಿಂಬಲ್ಲುಗಳನ್ನು ಹದವಾಗಿ ತೂಗಿ ಬಾರಿಸುತ್ತಿದ್ದ. ನಿಮ್ಮ ಡ್ರಮ್ಮರ್ ಹೈಹ್ಯಾಟಿಗೆ ಜೋರು ಬಾರಿಸುವವರಾದರೆ ಟೇಕಿಗೆ ಮುಂಚೆಯೇ ಹೇಳಿ, ಒಮ್ಮೆ ಹೆಡ್‌ಫೋನಿನಲ್ಲಿ ಕೇಳಿಸಿ. ಆಮೇಲೆ ಇಕ್ಯೂನಿಂದ (ಸ್ವರಮಟ್ಟಗಳನ್ನು ಏರಿಸಿ ಇಳಿಸುವ ಸಾಧನ) ಸರಿಯಾಗುವ ತಪ್ಪಲ್ಲ ಅದು.

ಕೋಣೆ ಚಿಕ್ಕದು ಅನ್ನಿಸಿದಾಗ ಷಿಕಾಗೋದ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿಯಿಂದ ಕಲಿತದ್ದು ಕೈಹಿಡಿಯುತ್ತದೆ. ಅವರು ರೂಮ್ ಮೈಕುಗಳನ್ನು (ಕೋಣೆಯ ಸದ್ದು ಹಿಡಿಯಲು ದೂರದಲ್ಲಿಡುವ ಮೈಕು) ನೆಲಕ್ಕೆ ತಾಗಿಸಿ ಇಟ್ಟು, ಅವುಗಳ ಸದ್ದನ್ನು 10ರಿಂದ 20 ಮಿಲಿಸೆಕೆಂಡ್ ತಡಮಾಡುತ್ತಿದ್ದರು. ನೆಲಕ್ಕೆ ತಾಗಿದ್ದರೆ ನೇರ ಸದ್ದೂ ನೆಲದ ಪ್ರತಿಫಲನವೂ ಒಟ್ಟಿಗೇ ಮುಟ್ಟುತ್ತವೆ, ಕಿತ್ತಾಟವಿಲ್ಲ. ಡ್ರಮ್ಸ್‌ನಿಂದ 3 ಮೀಟರ್ ಆಚೆ ಇಟ್ಟ ಮೈಕಿಗೆ ಸದ್ದು 9 ಮಿಲಿಸೆಕೆಂಡ್ ತಡವಾಗಿಯೇ ಬರುತ್ತದೆ. ಅದಕ್ಕೆ 15 ಸೇರಿಸಿದರೆ 8 ಮೀಟರ್ ಆಚೆಯಿಂದ ಕೇಳಿದ ಹಾಗಾಗುತ್ತದೆ. ಒಟ್ಟು 30 ದಾಟಿದರೆ ಸ್ನೇರ್‌ನ ಒಂದು ಏಟು ಎರಡಾಗಿ ಕೇಳತೊಡಗುತ್ತದೆ. ಆಗ 5 ಮಿಲಿಸೆಕೆಂಡ್ ಹಿಂದಕ್ಕೆ ಬನ್ನಿ.