ರಕ್ತ ಬಿದ್ದರೆ ಪೂರ್ತಿ ದುಡ್ಡು: ಜಿಂಬಾಬ್ವೆಗೆ ಬಫಲೋ ಬೇಟೆಗೆ ಹೊರಟ ನಮ್ಮವರಿಗೆ

ಹರಾರೆಗೋ ಜೋಹಾನ್ಸ್‌ಬರ್ಗ್‌ಗೋ ಕೆಲಸದ ಮೇಲೆ ಬಂದ ನಮ್ಮವರಲ್ಲಿ ಕೆಲವರಿಗೆ ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಬಫಲೋ, ಅಂದರೆ ಆಫ್ರಿಕಾದ ಕಾಡು ಎಮ್ಮೆ, ಬೇಟೆಯ ಆಸೆ ಹತ್ತುತ್ತದೆ. ಕೋವಿ ಪರವಾನಗಿ, ಮಲೇರಿಯಾ ಮಾತ್ರೆ, ಬಟ್ಟೆಯ ಬಣ್ಣ ಇವನ್ನೆಲ್ಲ ಬೇಟೆ ಏರ್ಪಡಿಸುವ ಕಂಪನಿಯವರಾದ ಔಟ್‌ಫಿಟ್ಟರ್‌ಗಳೇ ಹೇಳಿಕೊಡುತ್ತಾರೆ. ಬಾಯಿಬಿಟ್ಟು ಹೇಳದೆ ಕರಾರಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿಟ್ಟ ಒಂದು ಸಾಲಿದೆ. ಅದರಿಂದ ನನ್ನ ದುಡ್ಡೂ ಹೋಗಿದೆ, ನನ್ನ ನಂತರ ಬಂದವರದ್ದೂ ಹೋಗುತ್ತಿದೆ. ಗಾಯವಾದ ಪ್ರಾಣಿಯೂ ಸತ್ತ ಲೆಕ್ಕಕ್ಕೇ ಸೇರುತ್ತದೆ ಅನ್ನುವುದೇ ಆ ಸಾಲು.

ನಿಮ್ಮ ಗುಂಡು ತಗುಲಿ ಒಂದು ಹನಿ ರಕ್ತ ಬಿತ್ತೆಂದರೆ, ಪ್ರಾಣಿ ಸಿಗಲಿ ಬಿಡಲಿ, ಟ್ರೋಫಿ ಫೀ, ಅಂದರೆ ಹೊಡೆದ ಪ್ರಾಣಿಯ ಶುಲ್ಕ, ಪೂರ್ತಿ ಕಟ್ಟಬೇಕು. ಸಾವಿರಾರು ಡಾಲರ್. ದಿನದ ದರ ಬೇರೆ. ನಿಮ್ಮ ಪಾಲಿನ ಬಫಲೋ ಅಲ್ಲಿಗೆ ಮುಗಿಯಿತು. ಇನ್ನೊಂದು ಬೇಕೆಂದರೆ ಇನ್ನೊಂದು ಫೀ, ಅದೂ ಇಷ್ಟೇ ಪ್ರಾಣಿ ಹೊಡೆಯಬಹುದು ಎಂಬ ಕೋಟಾದಲ್ಲಿ ಉಳಿದಿದ್ದರೆ.

ಕಳೆದ ಸಲ ಝಾಂಬೆಜಿ ಕಣಿವೆಗೆ ಜೊತೆಯಲ್ಲಿ ಬಂದಿದ್ದವರು ಕೊಡಗಿನವರು. ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುರಿ ಹೊಡೆದು ಬೆಳೆದವರು, ಗುರಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಗೈಡ್, ಇಲ್ಲಿ ಎಲ್ಲರೂ ಪ್ರೊಫೆಷನಲ್ ಹಂಟರ್, ಚಿಕ್ಕದಾಗಿ ಪಿ.ಎಚ್. ಅನ್ನುತ್ತಾರೆ, ಅಂಗೈ ಎತ್ತಿ ತಡೆಯುವಷ್ಟರಲ್ಲಿ ಇವರು ಟ್ರಿಗರ್ ಎಳೆದಾಗಿತ್ತು. ಅಷ್ಟರಲ್ಲಿ ಕೋಣ ಮೈ ತಿರುಗಿಸಿತ್ತು. ದೂಳು ಇಳಿದ ಮೇಲೆ ಹೆಜ್ಜೆಯ ಜಾಡು ಹಿಡಿಯುವ ಟ್ರ್ಯಾಕರ್ ಕುಕ್ಕರಗಾಲಲ್ಲಿ ಕೂತು ಒಂದು ಮೊಪಾನೆ ಮರದ ಎಲೆ ಕಿತ್ತ. ಮೇಲೆ ರಾಗಿ ಕಾಳಿನಷ್ಟು ಕಪ್ಪು ರಕ್ತ, ಅದರಲ್ಲಿ ಹಸಿರು ಮೇವಿನ ಚೂರು. ಬೆರಳಲ್ಲಿ ತಿಕ್ಕಿ ಮೂಸಿ, ಮಾತಾಡದೆ ಪಿ.ಎಚ್. ಕೈಗೆ ಕೊಟ್ಟ. ಶ್ವಾಸಕೋಶಕ್ಕೆ ಬಿದ್ದಿದ್ದರೆ ರಕ್ತ ತಿಳಿಗೆಂಪಾಗಿ ನೊರೆನೊರೆಯಾಗಿ ಇರುತ್ತದೆ. ಇದು ಹೊಟ್ಟೆಗೆ ಬಿದ್ದಿತ್ತು.

ಅಂದು ಕತ್ತಲಾಗುವವರೆಗೆ, ಮರುದಿನ ಇಡೀ ಹಗಲು ಹುಡುಕಿದರು. ಹೆಜ್ಜೆ ಹಿಂಡಿನ ಹೆಜ್ಜೆಗಳಲ್ಲಿ ಕಲೆತುಹೋಯಿತು. ರಾತ್ರಿ ಬೆಂಕಿಯ ಮುಂದೆ ನಮ್ಮವರು ಚೌಕಾಸಿಗೆ ಇಳಿದರು: "ಚರ್ಮ ತರಚಿರಬೇಕು ಅಷ್ಟೆ, ಅರ್ಧ ತಗೊಳ್ಳಿ." ಪಿ.ಎಚ್. ಎದ್ದು ನಿಂತು, ಬೆಳಗ್ಗೆ ಐದಕ್ಕೆ ಮತ್ತೆ ಹುಡುಕಲು ಹೋಗುತ್ತೇವೆ ಎಂದಷ್ಟೇ ಹೇಳಿ ಟೆಂಟಿಗೆ ನಡೆದರು. ಆಮೇಲೆ ಆ ಕ್ಯಾಂಪಿನಲ್ಲಿ ನಮ್ಮ ಜೊತೆ ಯಾರೂ ಮನಸ್ಸು ಬಿಚ್ಚಿ ಮಾತಾಡಲಿಲ್ಲ.

ಆ ಚೌಕಾಸಿ ಯಾಕೆ ಅಷ್ಟು ದೊಡ್ಡ ಅವಮಾನ? ಕೋಟಾ ಇರುವುದು ಇಷ್ಟು ಪ್ರಾಣಿ ಎಂದು. ಗಾಯವಾಗಿ ತಪ್ಪಿಸಿಕೊಂಡದ್ದೂ ಅದರಲ್ಲಿ ಕಳೆಯುತ್ತದೆ, ಔಟ್‌ಫಿಟ್ಟರ್ ಅದನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ. ಪ್ರದೇಶ ನೋಡಿಕೊಂಡು ಪಾರ್ಕ್ಸ್ ಇಲಾಖೆಯದ್ದೋ ಸ್ಥಳೀಯ ಕೌನ್ಸಿಲಿನದ್ದೋ ಸ್ಕೌಟ್, ಬೇಟೆಯ ಮೇಲೆ ಕಣ್ಣಿಡುವ ಸಿಬ್ಬಂದಿ, ಜೊತೆಯಲ್ಲೇ ಇರುತ್ತಾನೆ. ಅವನ ಎದುರೇ ರಕ್ತ ಬಿದ್ದಿಲ್ಲ ಎನ್ನಿ ಅಂದರೆ ಪಿ.ಎಚ್. ತನ್ನ ಲೈಸೆನ್ಸನ್ನೇ ಪಣಕ್ಕಿಡಬೇಕು. ಲಿಖಿತ ಪರೀಕ್ಷೆ, ವರ್ಷಗಳ ಶಿಷ್ಯವೃತ್ತಿ, ಕೊನೆಗೆ ಕಾಡಿನಲ್ಲೇ ಪರೀಕ್ಷೆ ದಾಟಿ ಸಿಕ್ಕ ಲೈಸೆನ್ಸ್ ಅದು. ದುಡ್ಡಿಗಿಂತ ದೊಡ್ಡ ಮಾತು ಇನ್ನೊಂದಿದೆ. ಗಾಯಗೊಂಡ ಬಫಲೋ ಪೊದೆಯಲ್ಲಿ ಹೊಂಚು ಹಾಕಿ ನಿಲ್ಲುತ್ತದೆ. ನೀವು ವಿಮಾನ ಹತ್ತಿದ ಮೇಲೆ ಅದಕ್ಕೆ ಎದುರಾಗುವುದು ಸೌದೆಗೆ ಹೋದ ಹಳ್ಳಿಯ ಹೆಂಗಸು.

ಆದ್ದರಿಂದ ಮೊದಲ ಸಂಜೆಯೇ ಪಿ.ಎಚ್. ಜೊತೆ ಕೂತು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ: ನಿಮ್ಮ ಮೊದಲ ಗುಂಡಿನ ಬೆನ್ನಿಗೇ ಅವರೂ ಹೊಡೆಯಬೇಕೋ, ಪ್ರಾಣಿ ಓಡಿದರೆ ಅಥವಾ ಮೈಮೇಲೆ ಬಂದರೆ ಮಾತ್ರವೋ? ಹೊಸಬರು ಬೆನ್ನಿಗೇ ಹೊಡೆಯಿರಿ ಅನ್ನುವುದೇ ಒಳ್ಳೆಯದು. ನನ್ನ ಬಫಲೋಗೆ ಅವನು ಯಾಕೆ ಹೊಡೆದ ಎಂದು ಆಮೇಲೆ ಮುಖ ಊದಿಸಿಕೊಳ್ಳುವವರನ್ನು ನೋಡಿದ್ದೇನೆ, ಅದು ಶುದ್ಧ ಕೃತಘ್ನತೆ. ಗಾಯದ ಪ್ರಾಣಿಯ ಹಿಂದೆ ಹೋಗುವುದು ಅವರ ಕರ್ತವ್ಯ, ನಿಮ್ಮದಲ್ಲ. ಕಾರಿನಲ್ಲೇ ಇರಿ ಅಂದರೆ ಇರಿ. ಬನ್ನಿ ಅಂದರೆ ಅವರ ಹಿಂದೆ ನಡೆಯಿರಿ, ಕೋವಿಯ ನಳಿಗೆ ಟ್ರ್ಯಾಕರ್‌ನ ಬೆನ್ನಿಗೆ ತಿರುಗದಂತೆ.

ನಮ್ಮ ನಾಗರಹೊಳೆ ಸಫಾರಿಯಲ್ಲಿ ಹುಲಿ ಕಂಡೊಡನೆ ಜೀಪಿನವರೆಲ್ಲ ಕಿರುಚಾಡಿದರೂ ಡ್ರೈವರ್ ಗದರಿಸಲು ಹಿಂಜರಿಯುತ್ತಾನೆ, ಗಿರಾಕಿ ದೊಡ್ಡವನು. ಇಲ್ಲಿ ಕಾಡೊಳಗೆ ಕಾಲಿಟ್ಟ ಮೇಲೆ ಗೈಡ್ ಮಾತೇ ಕೊನೆ, ನೀವು ಕಂಪನಿಯ ಡೈರೆಕ್ಟರ್ ಆಗಿದ್ದರೂ ಅಷ್ಟೆ. ಈ ವ್ಯವಸ್ಥೆಯೇ ಮೇಲು ಎಂದು ನನ್ನ ಖಚಿತ ಅಭಿಪ್ರಾಯ.

ಮಾಂಸ ನಿಮ್ಮದಲ್ಲ. 1989ರಲ್ಲಿ ಶುರುವಾದ ಕ್ಯಾಂಪ್‌ಫೈರ್ ಯೋಜನೆಯ ಪ್ರದೇಶಗಳಲ್ಲಿ ಬೇಟೆಯ ಆದಾಯದಲ್ಲೂ ಹಳ್ಳಿಯವರಿಗೆ ಪಾಲಿದೆ, ಮಾಂಸವೂ ಅವರಿಗೇ ಹೋಗುತ್ತದೆ. ಕೊಂಬನ್ನು ಊರಿಗೆ ಒಯ್ಯುವ ಯೋಚನೆಯನ್ನೂ ಬಿಡಿ, ನಮ್ಮ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಇನ್ನು ಟಿಪ್ಸ್. ಪಿ.ಎಚ್.ಗೆ ದಿನದ ದರದ ಮೊತ್ತದಲ್ಲಿ ಶೇ. 10ರ ಆಸುಪಾಸು ಕೊಡುವುದು ರೂಢಿ. ಟ್ರ್ಯಾಕರ್, ಅಡುಗೆಯವರು, ಚರ್ಮ ಸುಲಿಯುವವರಿಗೆ ಬೇರೆಬೇರೆ ಲಕೋಟೆ ಮಾಡಿ. ಯಾರಿಗೆಷ್ಟು ಎಂದು ಪಿ.ಎಚ್. ಅವರನ್ನೇ ಕೇಳಿ, ಕೊಡುವುದನ್ನು ಮಾತ್ರ ನೀವೇ ಅವರವರ ಕೈಗೆ ಕೊಡಿ. ಸಣ್ಣ ಡಾಲರ್ ನೋಟುಗಳನ್ನು ಮನೆಯಿಂದಲೇ ತನ್ನಿ, ಕಣಿವೆಯಲ್ಲಿ ಚಿಲ್ಲರೆ ಹುಟ್ಟುವುದಿಲ್ಲ.