ಕಯಾಕ್ + ಚಾರಣಕ್ಕೆ ಹೊರಟವರಿಗೆ: ಲಗೇಜ್ ಬಗ್ಗೆ ಒಂದು ಸಲಹೆ

ಕಯಾಕಲ್ಲಿ (ಹುಟ್ಟು ಹಾಕಿ ನಡೆಸೋ ಸಣ್ಣ ದೋಣಿ) ನೀರು ದಾಟಿ, ಆಮೇಲೆ ಬೆಟ್ಟ ಹತ್ತಿ ಗುಡಿಸಲು ಸೇರೋ ಪ್ಲಾನ್ ಹಾಕಿರೋ ಗೆಳೆಯರೇ, ದಯವಿಟ್ಟು ಒಂದೇ ದೊಡ್ಡ ಬ್ಯಾಗ್ ತುಂಬಬೇಡಿ. ಕಯಾಕಿನ ಹೊಟ್ಟೆಗೆ ಇಳಿಯೋದು ಸಣ್ಣ ಸಣ್ಣ ಡ್ರೈಬ್ಯಾಗ್‌ಗಳು (ಒಳಗೆ ನೀರು ಹೋಗದ ಚೀಲಗಳು) ಮಾತ್ರ. ಅವುಗಳ ಬಾಯಿಯನ್ನ ಕನಿಷ್ಠ 3 ಸುತ್ತು ಮಡಚಿ ಕ್ಲಿಪ್ ಹಾಕಿ. ಭಾರದ್ದೆಲ್ಲ ಸೀಟಿನ ಹತ್ತಿರ, ತಳಕ್ಕೆ. ಹಾಸಿಗೆ, ಬಟ್ಟೆ ತುದಿಗಳಿಗೆ. ಖಾಲಿ ಚಾರಣದ ಬ್ಯಾಗನ್ನ ಸುತ್ತಿ ಒಳಗೇ ಇಡಿ, ದಡ ಸೇರಿದ ಮೇಲೆ ಎಲ್ಲ ಅದಕ್ಕೆ ತುಂಬಿಕೊಂಡರಾಯ್ತು. ಲೈಫ್ ಜಾಕೆಟ್ ಮೈಮೇಲೇ ಇರಲಿ, ಈಜು ಬಂದರೂ ಸರಿ.

ಹೊರಡೋ ಮುಂಚೆ ಅದೇ ಭಾರ ಹೊತ್ತು ಜೋಗಿಮಟ್ಟಿ ಬೆಟ್ಟ ಹತ್ತಿ ನೋಡಿ. ಚಿತ್ರದುರ್ಗದಿಂದ ಸುಮಾರು 10 ಕಿ.ಮೀ., ಮೇಲೆ ಅರಣ್ಯ ಇಲಾಖೆಯ ಅತಿಥಿಗೃಹ ಇದೆ. ವನ್ಯಧಾಮವಾದ್ದರಿಂದ ಇಲಾಖೆ ಅನುಮತಿ ಮೊದಲೇ ಪಡೆಯಿರಿ. ಕರಡಿ, ಚಿರತೆ ಓಡಾಡೋ ಜಾಗ, ಹಾಗಾಗಿ ಕತ್ತಲಾಗೋ ಮುಂಚೆ ಇಳಿದುಬಿಡಿ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ.; ನಮ್ಮ ದುರ್ಗದ ಬಿಸಿಲಿಗೆ ಒಬ್ಬರಿಗೆ 3 ಲೀಟರ್ ಬೇಕೇ ಬೇಕು, ಅದನ್ನ ಕಡಿಮೆ ಮಾಡೋ ಆಸೆ ಬೇಡ. ಬೇಕಿದ್ದರೆ ಎರಡನೇ ಜೀನ್ಸ್ ಬಿಡಿ. ಮೇಲಿನ ಗಾಳಿಗೆ ತೆಳು ಜರ್ಕಿನ್ ಸಾಕು. ಭುಜ ನೋಯ್ತಿದ್ದರೆ ಸೊಂಟದ ಪಟ್ಟಿ ಬಿಗಿ ಮಾಡಿ, ಭಾರ ಸೊಂಟಕ್ಕೆ ಕೂರುತ್ತೆ.