ಖಂಡಚಾಪುವಿನಲ್ಲಿ ಎಡವಿದ ಡಿಲೇ

ನಾನು ಗಿಟಾರ್, ಗೆಳೆಯ ಮೃದಂಗ. ತಂಡದಲ್ಲಿ ಇರುವುದು ಇಬ್ಬರೇ. ಗಿಟಾರ್ ಸದ್ದು ಬದಲಿಸುವ ಪೆಡಲ್ ಸಾಲು ಸಾಲು ಕೊಳ್ಳುವಷ್ಟು ದುಡ್ಡಿರಲಿಲ್ಲ, ಹಳೇ ಲ್ಯಾಪ್‌ಟಾಪ್ ಇತ್ತು. ಪ್ಯೂರ್ ಡೇಟಾ ಹಾಕಿಕೊಂಡೆ. ಮಿಲ್ಲರ್ ಪಕೆಟ್ 1990ರ ದಶಕದಲ್ಲಿ ಮಾಡಿದ, ಸದ್ದು ಹುಟ್ಟಿಸುವ, ಬದಲಿಸುವ ಉಚಿತ ಸಾಫ್ಟ್‌ವೇರ್ ಅದು. ಬಿಳಿ ಹಾಳೆ, ಮೇಲೆ ಚೌಕಗಳು, ನಡುವೆ ಗೆರೆಗಳು. ಅಂದ ಚೆಂದ ಏನಿಲ್ಲ.

ಡಿಲೇ (ಸ್ವರವನ್ನು ತಡವಾಗಿ ಮತ್ತೆ ಕೇಳಿಸುವ ಎಕೋ), ಟ್ರೆಮೊಲೊ (ಸದ್ದನ್ನು ಲಯವಾಗಿ ಏರಿಳಿಸುವುದು), ಫಿಲ್ಟರ್ (ಸದ್ದಿನ ಕೆಲವು ಭಾಗ ತಗ್ಗಿಸುವುದು) ಮೂರನ್ನೂ ಒಂದೇ ಪ್ಯಾಚ್‌ನಲ್ಲಿ, ಅಂದರೆ ಚೌಕ-ಗೆರೆಗಳ ಒಂದೇ ಹಾಳೆಯಲ್ಲಿ, ಜೋಡಿಸಿದೆ. ಮೂರಕ್ಕೂ ಲಯ ಸಿಗುವುದು ಒಂದೇ ಅಂಕಿಯಿಂದ: ತಾಳದ ಒಂದು ಅಕ್ಷರಕ್ಕೆ, ಅಂದರೆ ಒಂದು ಎಣಿಕೆಗೆ, ಎಷ್ಟು ಮಿಲಿಸೆಕೆಂಡ್. ಫುಟ್‌ಸ್ವಿಚ್ ತುಳಿದರೆ ಟೈಮರ್ ಎರಡು ತುಳಿತಗಳ ಅಂತರ ಅಳೆಯುತ್ತದೆ, ಕೊನೆಯ ಮೂರು ಅಂತರಗಳ ಸರಾಸರಿ ಹಿಡಿಯುತ್ತದೆ. ಆದಿತಾಳದಲ್ಲಿ ಸೊಗಸಾಗಿ ನಡೆಯಿತು.

ಖಂಡಚಾಪು ಬಂತು ನೋಡಿ. ತಕ ತಕಿಟ, ಎರಡು ಮೂರು ಸೇರಿ ಐದು ಅಕ್ಷರ. ಅಭ್ಯಾಸಬಲ, ನನ್ನ ಕಾಲು ಎರಡೂ ‘ತ’ಗಳ ಮೇಲೆ ಬೀಳುತ್ತಿತ್ತು. ಅಕ್ಷರಕ್ಕೆ 240 ಮಿಲಿಸೆಕೆಂಡ್ ಅಂದುಕೊಳ್ಳಿ. ಅಂತರ ಒಮ್ಮೆ 480, ಇನ್ನೊಮ್ಮೆ 720. ಮೂರರ ಸರಾಸರಿ ಒಂದು ತುಳಿತಕ್ಕೆ 560, ಮುಂದಿನದಕ್ಕೆ 640. ಡಿಲೇ ಉದ್ದ ಹಿಗ್ಗಿ ಕುಗ್ಗಿದಂತೆ ಎಕೋದ ಶ್ರುತಿಯೂ ಜಾರಿತು. ವೇದಿಕೆ ಮೇಲೆ ಗಿಟಾರ್ ಕುಡಿದವನ ಹಾಗೆ ತೊದಲಿತು. ಗೆಳೆಯ ತಲೆ ಎತ್ತಲೇ ಇಲ್ಲ. ಬೈದಿದ್ದರೆ ವಾಸಿ ಇತ್ತು.

ಈಗ ಸಮದಲ್ಲಿ (ತಾಳದ ಮೊದಲ ಅಕ್ಷರದಲ್ಲಿ) ಮಾತ್ರ ತುಳಿಯುತ್ತೇನೆ, ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಒಂದೇ ಸಲ. ಬಂದ ಅಂತರವನ್ನು ಪ್ಯಾಚ್ ಐದರಿಂದ ಭಾಗಿಸುತ್ತದೆ. 200 ಮಿಲಿಸೆಕೆಂಡ್‌ಗಿಂತ ಬೇಗ ಬಂದ ತುಳಿತ ಲೆಕ್ಕಕ್ಕಿಲ್ಲ, ಸ್ವಿಚ್ ಮೇಲೆ ಕಾಲು ಪುಟಿದದ್ದು ಅಷ್ಟೇ. ಶ್ರುತಿ ಜಾರದಿರಲು ಡಿಲೇಯನ್ನು ಎರಡು ಕಡೆಯಿಂದ ಓದಿಸಿದೆ. ಹೊಸ ಉದ್ದ ಬಂದರೆ ಎರಡರಲ್ಲಿ ಸುಮ್ಮನಿದ್ದದ್ದು ಅದನ್ನು ಹಿಡಿಯುತ್ತದೆ, 30 ಮಿಲಿಸೆಕೆಂಡ್‌ನಲ್ಲಿ ಹಳೆಯದು ಇಳಿದು ಹೊಸದು ಏರುತ್ತದೆ. ಟ್ರೆಮೊಲೊ ವೇಗ ಸರಿಯಿದ್ದರೂ ಎಡುಪು, ಅಂದರೆ ಶುರುವಾಗುವ ಜಾಗ, ತಪ್ಪುತ್ತಿತ್ತು. ಹಾಗಾಗಿ ಸಮ ತುಳಿದಾಗಲೆಲ್ಲ ಅದು ಮೊದಲಿಂದ ಶುರುವಾಗುತ್ತದೆ.

ಉಳಿದದ್ದು ಡಿಲೇ ಎಷ್ಟು ಅಕ್ಷರ ಅನ್ನುವ ಜಗಳ. ನನಗೆ 3 ಇಷ್ಟ. ಸಮದಲ್ಲಿ ಮೀಟಿದ ಒಂದು ಸ್ವರ 4ನೇ ಅಕ್ಷರಕ್ಕೆ ಬೀಳುತ್ತದೆ, ಆಮೇಲೆ 2, 5, 3, ಮತ್ತೆ ಸಮ. ಐದೂ ಜಾಗ ಮುಟ್ಟಿಬರುತ್ತದೆ, ಮಜಾ ಅಲ್ವಾ? ಅವನಿಗೆ ತಲೆನೋವು. “ನನ್ನ ತಕಿಟಕ್ಕೆ ಜಾಗ ಬಿಡೋ ಮಾರಾಯ” ಅಂದ. ಅವನಿಗೆ 5 ಬೇಕು, ಎಕೋ ಪ್ರತಿ ಆವರ್ತದಲ್ಲೂ ಅದೇ ಅಕ್ಷರಕ್ಕೆ ಬರಬೇಕು. ಕೊನೆಗೆ ಎರಡಕ್ಕೂ ಒಂದೊಂದು ಸ್ವಿಚ್ ಇಟ್ಟೆ. 3ರದ್ದು ಅವನು ನೀರು ಕುಡಿಯುವಾಗ ಮಾತ್ರ.